ಪಕ್ಕದ ಸೀಟಿನ ಅಜ್ಜಿ

ಡಿಸೆಂಬರ್ ೧, ಭಾನುವಾರ.

ಕೊನೆಯ ಆಟವನ್ನೂ ಸೋತು ನಮ್ಮ ತಂಡ ಜೆ-ಲೀಗ್ ಫುಟ್‌ಬಾಲಿನ ಮೂರನೇ ದರ್ಜೆಗೆ ಇಳಿಯಿತು. ವರ್ಷವಿಡೀ ಗೋಲು ಹೊಡೆಯುವವರೇ ಇರಲಿಲ್ಲ, ಇನ್ನೇನಾದೀತು. ತಲೆ ತಿನ್ನುತ್ತಿರುವುದು ಅದಲ್ಲ.

ಆಟಗಾರರು ಸಾಲಾಗಿ ನಿಂತು ಗ್ಯಾಲರಿಯಲ್ಲಿದ್ದ ನಮಗೆ ಕ್ಷಮೆ ಕೇಳುವಂತೆ ತಲೆಬಾಗಿದಾಗ ಪಕ್ಕದ ಸೀಟಿನ ಅಜ್ಜಿ ಕೂಗಿದರು: "ಈಗ ಬಗ್ಗಿ ಏನ್ರೋ ಬಂತು? ಆಟದಲ್ಲಿ ಬಗ್ಗಿದ್ರೆ ತಲೆಯಿಂದ ಒಂದು ಹೆಡ್ಡರ್ ಗೋಲಾದ್ರೂ ಬೀಳ್ತಿತ್ತು!" ನಕ್ಕುಬಿಟ್ಟೆ. ಆಮೇಲೆ ಇಬ್ಬರೂ ಸೀಟಿನ ಕೆಳಗಿನ ಕಸ ಹೆಕ್ಕುವಾಗ ಅಂದರು, "ನಮ್ಮ ಆಟಗಾರ ಇಸೊಗಾಯ್‌ನನ್ನ ಕ್ಲಬ್ಬು ಕೈಬಿಡ್ತಂತೆ ಕಣಪ್ಪ. ಮುಂದಿನ ವರ್ಷ ಇನ್ಯಾರನ್ನ ನೋಡೋಕೆ ಬರ್ಲಿ?"

"ಹೌದಾ" ಅಂದೆ, ಅಷ್ಟೇ.

ಇಷ್ಟು ವರ್ಷ ನಾನು ಬಾಯ್ತುಂಬ ಮಾತಾಡಿದ್ದು ಅವರೊಬ್ಬರ ಹತ್ತಿರ. ಅವರ ಅಂಗಿಯ ಬೆನ್ನ ಮೇಲಿರುವುದು ಇಸೊಗಾಯ್ ಹೆಸರು. ಅವರ ಸ್ವಂತ ಹೆಸರು ನನಗೆ ಗೊತ್ತಿಲ್ಲ. ಕೇಳಿದರೆ ಏನಂದುಕೊಂಡಾರೋ ಎಂದು ಕೇಳಲೇ ಇಲ್ಲ. ಫೆಬ್ರವರಿಯಲ್ಲಿ ಹೊಸ ಸೀಸನ್ ಶುರುವಾದಾಗ ಆ ಸೀಟು ಖಾಲಿಯಿದ್ದರೆ ಯಾರನ್ನು ವಿಚಾರಿಸಲಿ? ಏನಂತ ವಿಚಾರಿಸಲಿ, ಹೆಸರೇ ಗೊತ್ತಿಲ್ಲದ ಮೇಲೆ?