ಅವ್ವ ಏರಬಲ್ಲ ಎತ್ತರ

ಸೆಪ್ಟೆಂಬರ್ 8, ಸೋಮವಾರ

ಬೆಳಿಗ್ಗೆ ಹದಿನಾರು ಕಿಲೋಮೀಟರ್. ಕಾಲು ಸರಿ, ಉಸಿರು ಸರಿ. ನಮ್ಮ ಮನೆ ಕಡೆ, ಕೊಂಢವಾದಲ್ಲಿ ಮತ್ತೊಂದು ರಸ್ತೆ ಅಗೆದಿದ್ದಾರೆ. ಕೊನೆಯಲ್ಲಿ ಕೆಸರು ತುಳಿದುಕೊಂಡು ನಡೆದೇ ಬಂದೆ. ಆಮೇಲೆ ಶಿವಾಜಿನಗರ, ಆಫೀಸು.

ಸಂಜೆ ಕೋಚ್ ಸ್ವಪ್ನಿಲ್ ಸರ್ ಫೋನು. ಜನವರಿಯ ಮ್ಯಾರಥಾನ್ ನೋಡಿ ರಾಷ್ಟ್ರೀಯ ಕ್ಯಾಂಪಿಗೆ ಆರಿಸುತ್ತಾರೆ. ಅದಕ್ಕೂ ಮುಂಚೆ ನಾಲ್ಕು ವಾರ ಎತ್ತರದ ಊರಿನಲ್ಲಿ, ತೆಳು ಗಾಳಿಯಲ್ಲಿ ಓಡಲೇಬೇಕಂತೆ. ನನಗೆ ಮೂವತ್ತಮೂರು. ‘ಮುಂದಿನ ವರ್ಷ ನೋಡೋಣ’ ಎಂಬ ಮಾತು ಈಗ ಅವರ ಬಾಯಲ್ಲಿ ಬರುವುದಿಲ್ಲ.

ಊಟಿ ಬೇಡ ಎಂದೆ. ಹೋದ ವರ್ಷ ಅಲ್ಲಿ ಒಬ್ಬಳೇ ಓಡಿದೆ. ಒಬ್ಬಳೇ ಓಡಿದರೆ ಒಬ್ಬಳ ವೇಗವೇ ಬರುತ್ತದೆ. ನನಗಿಂತ ಜೋರಾಗಿ ಓಡುವ ಹೆಂಗಸರು ಪಕ್ಕದಲ್ಲಿ ಬೇಕು. ಅಂದರೆ ಹೊರದೇಶ. ನನ್ನ ಸಂಬಳಕ್ಕೆ ಎಟುಕುವ ಹೊರದೇಶ.

ಸೆಪ್ಟೆಂಬರ್ 14, ಭಾನುವಾರ

ಇಡೀ ದಿನ ಲ್ಯಾಪ್‌ಟಾಪ್. ಕಿರ್ಗಿಸ್ತಾನ್ — ಅಗ್ಗ, ಆದರೆ ನವೆಂಬರಿನಲ್ಲಿ ಹಿಮ. ಇಥಿಯೋಪಿಯಾದ ಸುಲುಲ್ಟಾ — ತೀರಾ ಎತ್ತರ, ಮೊದಲ ಸಲಕ್ಕೆ ಬೇಡ ಅನ್ನುತ್ತಾರೆ ಸರ್. ಕೀನ್ಯಾದ ಇಟೆನ್ — ಎರಡು ಸಾವಿರದ ನಾನೂರು ಮೀಟರ್, ಕೆಂಪು ಮಣ್ಣಿನ ರಸ್ತೆ, ಊರ ತುಂಬ ಓಟಗಾರರು. ಅಲ್ಲಿನ ಕ್ಯಾಂಪುಗಳು ದುಬಾರಿ. ಅಡುಗೆಮನೆ ಇರುವ ಬಾಡಿಗೆ ಕೋಣೆಯಾದರೆ ನಡೆದೀತು. ಆದರೆ ದಿನಕ್ಕೆರಡು ಸಲ ಓಡಿ ಬಂದು ಅಡುಗೆ ಮಾಡುವವರು ಯಾರು?

ಅವ್ವ ಕೊತ್ತಂಬರಿ ಸೋಸುತ್ತ ಹೇಳಿದಳು: “ನಾ ಬರ್ತೀನಿ. ಅಡಗಿ ನಂದು. ನನ್ನ ಟಿಕೀಟು ನನ್ನ ರೊಕ್ಕದ್ದು.”

“ಅವ್ವಾ, ಆ ರೊಕ್ಕದಾಗ ನಾ ಕ್ಯಾಂಪಿನ್ಯಾಗ ಆರಾಮ ಉಂಡು ಬರ್ತೀನಿ.”

“ಉಣ್ಣು. ಮೆಂತೆ ಪಲ್ಯಾ ಯಾರು ಮಾಡಿ ಹಾಕ್ತಾರ ಅಲ್ಲೆ?”

ಇದು ಉಳಿತಾಯದ ಮಾತಲ್ಲ. ಅವ್ವನಿಗೆ ಬರಬೇಕಾಗಿದೆ, ಅಷ್ಟೇ. ಎಷ್ಟೋ ವರ್ಷದಿಂದ ಪ್ರತಿ ರೇಸಿನ ಕೊನೆಯ ತಿರುವಿನಲ್ಲಿ ಲಿಂಬು ಶರಬತ್ತು ಹಿಡಿದು ನಿಂತಿರುತ್ತಾಳೆ. ನಾನು ಕಂಡ ಕೂಡಲೇ “ನಿಂದರಬ್ಯಾಡ, ಓಡು!” ಎಂದು ಚೀರುತ್ತಾಳೆ. ಇಲ್ಲಿಯವರೆಗೆ ಆ ಶರಬತ್ತು ಒಮ್ಮೆಯೂ ಕುಡಿದಿಲ್ಲ.

ಸೆಪ್ಟೆಂಬರ್ 22, ಸೋಮವಾರ

ಅವ್ವನ ದಮ್ಮಿನ ಡಾಕ್ಟರ್. ಕೊಳವೆಯೊಳಗೆ ಊದಿಸಿದರು, ಮತ್ತೆ ಊದಿಸಿದರು. ಎರಡು ಸಾವಿರ ಮೀಟರ್ ದಾಟಬಾರದು — ಮರಾಠಿಯಲ್ಲಿ, ನಗುನಗುತ್ತ ಹೇಳಿದರು.

ರಿಕ್ಷಾದಲ್ಲಿ ಅವ್ವ: “ಡಾಕ್ಟರ್ ಮಂದಿ ಹಂಗ ಹೇಳೂದು.”

ಸೆಪ್ಟೆಂಬರ್ 27, ಶನಿವಾರ

ಸಿಕ್ಕಿತು. ಉಗಾಂಡಾದ ಕಪ್ಚೋರ್ವಾ. ಸಾವಿರದ ಒಂಬೈನೂರು ಮೀಟರಿನ ಆಸುಪಾಸು. ಇಟೆನ್‌ಗಿಂತ ಅಗ್ಗ, ಓಟಗಾರರೂ ಇದ್ದಾರೆ. ಡಾಕ್ಟರ್ ಎಳೆದ ಗೆರೆಯ ಕೆಳಗೇ ಇದೆ.

ಸ್ವಪ್ನಿಲ್ ಸರ್: “ಚಾಲೇಲ, ಪಣ...” ನಡೆದೀತು, ಆದರೆ... ಆ ‘ಆದರೆ’ಯ ಮುಂದೆ ಬಹಳ ಹೊತ್ತು ಮಾತಾಡಿದರು. ನನ್ನ ದೇಹಕ್ಕೆ ಆ ಎತ್ತರ ಸಾಲದು. ಹೋಗಿ ಬಾ, ಆದರೆ ರಾಷ್ಟ್ರೀಯ ಕ್ಯಾಂಪಿನ ಆಸೆ ಇಟ್ಟುಕೊಳ್ಳಬೇಡ. ಫೋನು ಸ್ಪೀಕರ್‌ನಲ್ಲಿತ್ತು. ಅಡುಗೆಮನೆಯಲ್ಲಿ ಅವ್ವ ನಳ ಬಂದ್ ಮಾಡಿದ್ದು ಕೇಳಿಸಿತು.

ಕಪ್ಚೋರ್ವಾ, ಇಬ್ಬರು. ಹಾಗೇ ಎಂದುಕೊಂಡೆ.

ಅಕ್ಟೋಬರ್ 12, ಭಾನುವಾರ

ಹದಿನೈದು ದಿನ ಬರೆದಿಲ್ಲ. ಓಟ, ಆಫೀಸು, ನಿದ್ದೆ. ಟಿಕೆಟ್ ಇನ್ನೂ ತೆಗೆದಿಲ್ಲ.

ನನ್ನ ಹಳೆಯ ಶೂ ಕಾಣುತ್ತಿಲ್ಲ. ಅವ್ವ ಪಕ್ಕದ ಮನೆಯ ಸಿಂಧು ಕಾಕು ಜೊತೆ ಭಜನೆಗೆ ಹೋಗತೊಡಗಿದ್ದಾಳೆ — ಬೆಳಿಗ್ಗೆ ಐದೂವರೆಗೆ. ಯಾವ ದೇವರು ಅಷ್ಟು ಬೇಗ ಏಳುತ್ತಾನೋ.

ಅಕ್ಟೋಬರ್ 26, ಭಾನುವಾರ

ಸಿಂಹಗಡ, ಊರಾಚೆಯ ಕೋಟೆ ಬೆಟ್ಟ. ಬುಡದಿಂದ ತುದಿಗೆ ಒಂದೇ ಉಸಿರಿನ ಓಟ, ಸರ್ ಹೇಳಿದ್ದು.

ಅರ್ಧ ದಾರಿಯಲ್ಲಿ ಒಂದು ಕಲ್ಲು. ಕಲ್ಲಿನ ಮೇಲೆ ಅವ್ವ. ಸೀರೆ ಎತ್ತಿ ಕಟ್ಟಿದ್ದಾಳೆ, ಎರಡು ಜೊತೆ ಸಾಕ್ಸ್, ಮೇಲೆ ನನ್ನ ಹಳೆಯ ಶೂ. ಸಿಂಧು ಕಾಕು ಬೆನ್ನು ತಿಕ್ಕುತ್ತಿದ್ದಳು. ಅವ್ವನ ತುಟಿ ನೀಲಿ. ನನ್ನನ್ನು ನೋಡಿದಳು. ಬಾಯಿ ತೆರೆದು ಗಾಳಿ ಎಳೆದುಕೊಂಡು ಹೇಳಿದಳು: “ನಿಂದರಬ್ಯಾಡ. ಓಡು.”

ಓಡಿದೆ. ಬರೆದಿಡಬೇಕು ಇದನ್ನು — ನಿಲ್ಲಲಿಲ್ಲ. ತುದಿ ಮುಟ್ಟಿ, ವಾಚ್ ನೋಡಿ, ಇಳಿದು ಬಂದೆ. ಅವ್ವ ಅದೇ ಕಲ್ಲಿನ ಮೇಲೆ, ಕೈಯಲ್ಲಿ ಇನ್‌ಹೇಲರ್. ತುಟಿಗೆ ಬಣ್ಣ ಬಂದಿತ್ತು.

“ಇಲ್ಲೇನವಾ ಭಜನಿ?”

“ನನ್ನ ಸಲುವಾಗಿ ನೀ ತಗ್ಗಿನ ಊರು ಹುಡುಕಿದಿ. ನಿನ್ನ ಸಲುವಾಗಿ ನಾ ಎತ್ತರ ಏರೂದು ಕಲೀಬೇಕಂತ ಮಾಡಿದ್ದೆ. ಭಾಳ ಸಲ ಬಂದೆ. ಈ ಕಲ್ಲು ದಾಟಲಿಕ್ಕೆ ಆಗವಲ್ದು.” ಇನ್‌ಹೇಲರ್ ಸೊಂಟಕ್ಕೆ ಸಿಕ್ಕಿಸಿಕೊಂಡು: “ಇಟೆನ್ನಿಗೇ ಹೋಗು. ಒಂದ ಟಿಕೀಟು ತಗಿ.”

ಬಸ್ಸಿನಲ್ಲಿ ನನ್ನ ಭುಜಕ್ಕೆ ಒರಗಿ ನಿದ್ದೆ ಹೋದಳು. ನನಗೆ ಸಿಟ್ಟು ಬಂದಿತ್ತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ.

ಅಕ್ಟೋಬರ್ 28, ಮಂಗಳವಾರ

ಇಟೆನ್. ಒಂದು ಟಿಕೆಟ್. ಬಾಡಿಗೆ ಕೋಣೆ. ಅಡುಗೆ ನಾನೇ.

ನವೆಂಬರ್ 15, ಶನಿವಾರ, ಸಂಜೆ ಏಳು

ನಾಳೆ ಹೊರಡುವುದು. ಬ್ಯಾಗಿನೊಳಗೆ ಅವ್ವ ಸಣ್ಣ ಕುಕ್ಕರ್ ತುರುಕಿದ್ದಾಳೆ.

“ಎತ್ತರದಾಗ ನೀರು ಲಗೂನ ಕುದೀತದ, ಖರೆ ಬ್ಯಾಳಿ ಬೇಯೂದಿಲ್ಲ. ಎರಡು ಸೀಟಿ ಹೆಚ್ಚಿಗಿ ಹೊಡಸು.”

ಯಾರು ಹೇಳಿದರು ಎಂದೆ. ಮೊಬೈಲಿನಲ್ಲಿ ನೋಡಿದ್ದಂತೆ. ಸೆಪ್ಟೆಂಬರಿನಲ್ಲೇ.

“ಅಲ್ಲೆ ನಮಗಿಂತ ಎಷ್ಟು ತಾಸು ಹಿಂದ?”

“ಎರಡೂವರೆ.”

“ಹಂಗಾರ ಐತವಾರ ನೀ ಆರಕ್ಕ ಹೊಂಟ್ರ ನನಗ ಎಂಟೂವರೆ. ಆ ಹೊತ್ತಿಗೆ ನಾ ಗಡದ ಮ್ಯಾಲ ಇರ್ತೀನಿ. ಕಲ್ಲಿನ ತನಕ ನಂದು. ಮುಂದಿಂದು ನಿಂದು.”

ಹೂಂ ಎಂದೆ.

ಕುಕ್ಕರಿನೊಳಗೆ ನನ್ನ ಸಾಕ್ಸ್ ತುಂಬಿಕೊಂಡೆ. ಹಳೆಯ ಶೂ ತೊಳೆದು ಬಾಲ್ಕನಿಯಲ್ಲಿ ಒಣಗಲು ಇಟ್ಟಿದ್ದಾಳೆ. ಈಗ ತಿರುಗಿಸಿ ನೋಡಿದೆ. ಅಡಿ ಪೂರಾ ಸವೆದಿದೆ, ಗಡದ ಮಣ್ಣಿನಲ್ಲಿ ಜಾರುತ್ತದೆ. ಅಂಗಡಿ ಇನ್ನೂ ತೆರೆದಿರಬಹುದು. ಅಳತೆ ಕೇಳಿದರೆ ಬೇಡವೇ ಬೇಡ ಅನ್ನುತ್ತಾಳೆ. ನನ್ನದಕ್ಕಿಂತ ಒಂದು ನಂಬರ್ ಚಿಕ್ಕದು, ಇಲ್ಲ, ನನ್ನ ಶೂಗೆ ಎರಡು ಜೊತೆ ಸಾಕ್ಸ್ ಬೇಕಾಗುತ್ತದೆ ಅಂದರೆ ಎರಡು ನಂಬರ್ ಚಿಕ್ಕದು. ಅಂಗಡಿ ಮುಚ್ಚುವ ಮೊದಲು ಹೊರಟೆ.