ನಾಲ್ಕು ಚಮಚ ಗಂಜಿ

ಉಮೆಯೋ
ಮಾರ್ಚ್ ೧೪

ಪ್ರೀತಿಯ ತೂವಾ,

ನಿನ್ನ ಕಾಗದ ಬಂದು ಹದಿನೈದು ದಿನವಾಯಿತು. ಅಜ್ಜಿಯ ಮೇಲೆ ಮುನಿಸಿಕೊಂಡಿದ್ದರೆ ಅದು ಸರಿಯೇ. ಬರೆಯಲು ನಾಲ್ಕು ಸಲ ಕೂತೆ, ನಾಲ್ಕು ಸಲವೂ ಹಾಳೆ ಹರಿದುಹಾಕಿದೆ. ಈಗಲೂ ಅಕ್ಷರ ಸೊಟ್ಟಗಿವೆ, ಹೊಂದಿಸಿಕೊಂಡು ಓದು.

ನನ್ನ ತಮ್ಮ, ನಿನ್ನ ಈವಾರ್ ಅಜ್ಜ, ಆಸ್ಪತ್ರೆಯಲ್ಲಿದ್ದಾನೆ. ಜ್ವರ ಬಂದು ಮಲಗಿದವನು ಹನ್ನೆರಡು ದಿನ ಬರೀ ಕಪ್ಪು ಕಾಫಿ ಕುಡಿದುಕೊಂಡಿದ್ದನಂತೆ. ನನಗೊಂದು ಫೋನೂ ಮಾಡಲಿಲ್ಲ. ಅವನನ್ನು ಸೇರಿಸಿದ್ದು ವಿದ್ಯಾರ್ಥಿಗಳೇ ನಡೆಸುವ ವಾರ್ಡಿಗೆ. ನೀನು ಗೋಥೆನ್‌ಬರ್ಗಿನಲ್ಲಿ ತರಬೇತಿಗೆ ಹೋಗುತ್ತೀಯಲ್ಲ, ಅಂಥದ್ದೇ: ಡಾಕ್ಟರಿಕೆ ಓದುವವರು, ನರ್ಸಿಂಗ್ ಓದುವವರು, ನಿನ್ನ ಹಾಗೆ ಡಯಟೀಷಿಯನ್ ಆಗುವವರು ಒಂದೇ ಮೇಜಿನ ಸುತ್ತ ಕೂತು ಒಟ್ಟಿಗೆ ತೀರ್ಮಾನ ಮಾಡಬೇಕು. ಗುರುಗಳು ಹಿಂದೆ ನಿಂತು ನೋಡುತ್ತಾರೆ.

ಅಲ್ಲಿ ಊಟದ ಹೊಣೆ ಸೆಲಾಮ್ ಎಂಬ ಹುಡುಗಿಯದು. ಅಪ್ಪ ಅಮ್ಮ ಎರಿಟ್ರಿಯಾದಿಂದ ಬಂದವರು, ಅವಳ ಮಾತು ಮಾತ್ರ ಅಪ್ಪಟ ನಮ್ಮೂರಿನದು. ಮೊದಲ ದಿನವೇ ಹೇಳಿದಳು: "ಇವ್ರಿಗೆ ಹೊತ್ತಿಗೆ ನಾಲ್ಕೇ ಚಮಚ ಗಂಜಿ. ದಿನಾ ಸ್ವಲ್ಪಸ್ವಲ್ಪ ಏರಿಸೋಣ. ಉಪವಾಸ ಇದ್ದ ದೇಹಕ್ಕೆ ಒಮ್ಮೆಲೇ ತುಂಬಿದ್ರೆ ರಕ್ತದಲ್ಲಿರೋ ಲವಣ ಕುಸಿಯುತ್ತೆ, ಹೃದಯ ತಾಳಲ್ಲ."

ಡಾಕ್ಟರಾಗಲಿರುವ ಮಾಲ್ಟೆ ನಕ್ಕುಬಿಟ್ಟ. "ನಾಲ್ಕು ಚಮಚಾನಾ? ನಮ್ಮನೆ ಬೆಕ್ಕೂ ಮುನಿಸ್ಕೊಳ್ಳುತ್ತೆ ಕಣೇ!"

"ನಿಮ್ಮನೆ ಬೆಕ್ಕು ಹನ್ನೆರಡು ದಿನ ಉಪವಾಸ ಇತ್ತಾ?"

ಅವನು ಹೋಗಿ ಪುಸ್ತಕ ತಿರುವಿ ಬಂದು, ಎಲ್ಲರೆದುರೂ ಅವಳದ್ದೇ ಸರಿ ಎಂದು ಒಪ್ಪಿದ. ಒಪ್ಪದವನು ಈವಾರ್ ಒಬ್ಬನೇ. "ಅಕ್ಕಾ, ನನ್ನೇನು ಗುಬ್ಬಚ್ಚಿ ಅಂದ್ಕೊಂಡಿದ್ದಾರಾ?" ಎಂದು ನನ್ನ ಕಿವಿಯಲ್ಲಿ ಗೊಣಗಿದ.

ನಾನು ಮೂವತ್ತೊಂದು ವರ್ಷ ಶಾಲೆಯ ಅಡುಗೆಮನೆಯಲ್ಲಿ ನಿಂತವಳು. ಓದಿದ್ದು ಕಡಿಮೆ, ಉಣ್ಣಿಸಿದ್ದು ಹೆಚ್ಚು. ಮಧ್ಯಾಹ್ನದ ಕಾಫಿ ಹೊತ್ತಿಗೆ ಆ ಮಕ್ಕಳಿಗೆಲ್ಲ ಏಲಕ್ಕಿ ಬನ್ನು ಒಯ್ಯುತ್ತಿದ್ದೆ. "ಯೋರ್ಡಿಸ್ ಬಂದ್ರು, ಬನ್ನು ಬಂತು!" ಎಂದು ಓಡಿಬರುತ್ತಿದ್ದರು.

ಮೂರನೆಯ ದಿನ, ತೂವಾ, ನನ್ನ ಕಣ್ಣೆದುರಿಗೇ ಈವಾರ್‌ನ ಕಣ್ಣು ಮೇಲಾಯಿತು. ಎದೆಬಡಿತ ತೋರಿಸುವ ಯಂತ್ರ ಕಿರುಚಿಕೊಂಡಿತು. ಮಾಲ್ಟೆ ಮಂಚ ಹತ್ತಿ ಅವನ ಎದೆ ಒತ್ತುತ್ತಿದ್ದ. ಸೆಲಾಮ್ ಗೋಡೆಗೆ ಅಂಟಿಕೊಂಡು ನಿಂತಿದ್ದಳು. ಅವಳು ಹೇಳಿದ್ದ ಲವಣವೇ ಕುಸಿದಿತ್ತು. ಆ ಸದ್ದು ಈಗಲೂ ನನ್ನ ಕಿವಿ ಬಿಟ್ಟಿಲ್ಲ.

ಆ ವಾರ್ಡಿನಲ್ಲೊಂದು ಪದ್ಧತಿ. ಎರಡು ಗಂಟೆಗೆ ಎಲ್ಲರೂ ಸುತ್ತ ಕೂತು ತಂತಮ್ಮ ತಪ್ಪನ್ನು ತಾವೇ ಹೇಳಬೇಕು. ಇನ್ನೊಬ್ಬರತ್ತ ಬೆರಳು ತೋರಿಸುವ ಹಾಗಿಲ್ಲ. ಮನೆಯವಳೆಂದು ಮಾರನೆಯ ದಿನ ನನ್ನನ್ನೂ ಕೂರಿಸಿದರು. ಸೆಲಾಮ್, "ನನ್ ಲೆಕ್ಕಾನೇ ತಪ್ಪಿರ್ಬೇಕು. ನಾಲ್ಕು ಚಮಚಾನೂ ಜಾಸ್ತಿ ಆಯ್ತೇನೋ" ಎಂದಳು. "ನಾನೂ ಒಪ್ಪಿದ್ನಲ್ಲ" ಎಂದ ಮಾಲ್ಟೆ. ಅವತ್ತಿನಿಂದ ಆರು ದಿನವಾಯಿತು, ಸೆಲಾಮ್ ಬಂದಿಲ್ಲ. ಓದೇ ಬಿಡುತ್ತಾಳಂತೆ.

ದೊಡ್ಡ ಓದಿನವರ ನಡುವೆ ನನ್ನ ಮಾತು ಯಾರು ಕೇಳುತ್ತಾರೆ ಎಂದು ನೀನು ಬರೆದಿದ್ದೆ. ಹೇಳು, ಮಗಳೇ. ಬೆಕ್ಕಿನ ಮಾತೆತ್ತಿ ನಕ್ಕರೂ ಹೇಳು.

ಈವಾರ್ ಇನ್ನೂ ಯಂತ್ರದ ಉಸಿರಿನಲ್ಲಿದ್ದಾನೆ. ನಿನ್ನ ಕೈಗೂ ಮಾತಿಗೂ ದೇವರು ಬಲ ಕೊಡಲಿ. ಚಳಿಗೆ ಕಿವಿ ಮುಚ್ಚಿಕೋ.

ನಿನ್ನ ಅಜ್ಜಿ,
ಯೋರ್ಡಿಸ್

ತಾ.ಕ.: ಬನ್ನಿನ ಬುಟ್ಟಿಯ ಜೊತೆ ನನ್ನ ಥರ್ಮಾಸೂ ಹೋಗುತ್ತಿತ್ತು. ಥರ್ಮಾಸಿಲ್ಲದ ಮುದುಕಿ ನಮ್ಮಲ್ಲಿ ಎಲ್ಲಿದ್ದಾಳೆ? ಕಾಫಿ ಅಂದುಕೊಂಡು ಯಾರೂ ಕೇಳಲಿಲ್ಲ. ಅದರಲ್ಲಿದ್ದದ್ದು ಕೆನೆಹಾಲಲ್ಲಿ ಬೇಯಿಸಿದ ಅಕ್ಕಿ ಗಂಜಿ, ಮೇಲೆ ಸಕ್ಕರೆ, ದಾಲ್ಚಿನ್ನಿ. ಪರದೆ ಎಳೆದು ಎರಡು ದಿನ ಬಟ್ಟಲುಗಟ್ಟಲೆ ಉಣ್ಣಿಸಿದೆ. ಚಿಕ್ಕವನಿದ್ದಾಗಿನ ಹಾಗೆ ಬಾಯಿ ತೆರೆಯುತ್ತಿದ್ದ. ಸೆಲಾಮ್ ತಪ್ಪೊಪ್ಪಿಕೊಂಡು ಅಳುವಾಗ ಥರ್ಮಾಸ್ ನನ್ನ ತೊಡೆಯ ಮೇಲೆಯೇ ಇತ್ತು. ನನ್ನ ಸರದಿ ಬಂದಾಗ "ನಂದೇನೂ ಇಲ್ಲ" ಎಂದೆ. ನಾಳೆ ಎರಡು ಗಂಟೆಗೆ ಅವಳನ್ನು ಹೇಗಾದರೂ ಕರೆಸಿ ಎಂದು ವಾರ್ಡಿಗೆ ಫೋನ್ ಮಾಡಿದ್ದೇನೆ. ಬನ್ನು ಒಯ್ಯುವುದಿಲ್ಲ. ಆ ಥರ್ಮಾಸನ್ನು ಅವತ್ತಿನಿಂದ ತೊಳೆದಿಲ್ಲ. ಅವಳೆದುರೇ ಮುಚ್ಚಳ ತೆಗೆಯುತ್ತೇನೆ.