ಸ್ಟ್ಯಾಂಡ್‌ಬೈ ಎಂಬ ವಿಶ್ರಾಂತಿ

ರಾಜಗೋಪಾಲನಗರ
ಮಂಗಳವಾರ

ರೋಸ್ಟರ್ ವಿಭಾಗದ ವೇಣಿ ಮೇಡಂ ಅವರಿಗೆ,

ರಾತ್ರಿ ಎರಡೂವರೆಗೆ ಫೋನ್ ಸದ್ದಿಗೆ ಎಚ್ಚರವಾಯಿತು. ಕಿವಿಗಿಟ್ಟು, "ಯೆಸ್ ಮೇಡಂ, ಹೊರಟೆ" ಎಂದೆ. ಯೂನಿಫಾರ್ಮ್ ಹುಡುಕುವಾಗ ಗೊತ್ತಾಯಿತು, ಅದು ಮಗಳ ಆಟದ ಫೋನ್. ನಿದ್ದೆಯಲ್ಲಿ ಅವಳ ಕೈ ತಗುಲಿ ಬಡಿದುಕೊಂಡಿತ್ತು.

ಯಾವುದಾದರೂ ವಿಮಾನಕ್ಕೆ ಗಗನಸಖಿ ಕಡಿಮೆಯಾದರೆ ನೀವು ಕರೆಯುತ್ತೀರೆಂದು ಐದು ದಿನದಿಂದ ಹೀಗೇ ಸ್ಟ್ಯಾಂಡ್‌ಬೈಯಲ್ಲಿ ಕಾಯುತ್ತಿದ್ದೇನೆ. ಒಮ್ಮೆ ಏರ್‌ಪೋರ್ಟಿನವರೆಗೆ ಕರೆಸಿ, ಬೇಡವೆಂದು ವಾಪಸ್ ಕಳಿಸಿದಿರಿ. ಪಾಳಿ ಹಾಕುವ ನಿಮ್ಮ ರೋಸ್ಟರಿನಲ್ಲಿ ಇದೆಲ್ಲ ವಿಶ್ರಾಂತಿ. ಮಗುವನ್ನು ನೋಡಿಕೊಳ್ಳುವ ಮನೆಯೊಡತಿ ಸೊಣ್ಣಮ್ಮ ಕೇಳುತ್ತಾರೆ, "ಕೆಲ್ಸಾನೂ ಇಲ್ಲ, ರಜಾನೂ ಇಲ್ಲ, ಇದ್ಯಾವ ಸೀಮೆ ನೌಕ್ರಿ ಕಣವ್ವಾ? ನಾವು ಹಸೂನಾದ್ರೂ ರಾತ್ರಿ ಮಲಗಕ್ ಬಿಡ್ತೀವಿ." ಉತ್ತರ ನಿಮ್ಮಲ್ಲಿದ್ದರೆ ಹೇಳಿ, ಅವರಿಗೆ ತಲುಪಿಸುತ್ತೇನೆ.

ನಿನ್ನೆ ಸಂಜೆ ನೀವು ಬೆಳಗಿನ ವಿಮಾನಕ್ಕೆ ನನ್ನ ಹೆಸರು ಹಾಕಿದ್ದಕ್ಕೆ ನಾನು, ಸುಸ್ತಾಗಿದೆ, ನಾಳೆ ಹಾರಲಾರೆ ಎಂದಾಗ, "ಮನೇಲೇ ಇದ್ರಲ್ಲ, ಅದೆಂಥ ಸುಸ್ತು?" ಎಂದು ನಕ್ಕಿರಿ. ಆಟಿಕೆಗೆ ಹಲೋ ಅನ್ನುವವಳನ್ನು ಬೆಳಿಗ್ಗೆ ತುರ್ತು ಬಾಗಿಲ ಪಕ್ಕ ಕೂರಿಸುತ್ತೀರಾ? ವಿಮಾನಕ್ಕೆ ಬೆಂಕಿ ಬಿದ್ದರೆ ಆ ಬಾಗಿಲು ತೆಗೆದು ಜನರನ್ನು ಇಳಿಸಬೇಕಾದವಳು ನಾನು.

ನಿಮ್ಮ ಒಪ್ಪಿಗೆಯಿಲ್ಲದೆ ಮನೆಯಲ್ಲೇ ಉಳಿದರೆ ಕೆಲಸ ಹೋಗುತ್ತದೆ, ಗೊತ್ತು. ಬಂದರೆ ಏನು ಹೋಗುತ್ತದೋ ಗೊತ್ತಿಲ್ಲ. ಇಷ್ಟು ಹೊತ್ತಿನಿಂದ ನಿಮ್ಮ ಡೆಸ್ಕಿನ ಫೋನ್ ಯಾರೂ ಎತ್ತುತ್ತಿಲ್ಲ, ಅದಕ್ಕೇ ಈ ಮೇಲ್. ಬೆಳಿಗ್ಗೆ ಆರಕ್ಕೆ ನನ್ನ ಪಾಳಿ ಶುರು. ನನ್ನ ಹೆಸರು ತೆಗೆಯಿರಿ, ತೆಗೆದೆ ಅಂತ ನಿಮ್ಮ ಬಾಯಲ್ಲೇ ಹೇಳಿ. ದಮ್ಮಯ್ಯ ಅಂತೀನಿ ಮೇಡಂ, ಬೆಳಗಾಗುವುದರೊಳಗೆ ಒಂದು ಫೋನ್ ಮಾಡಿ.

ಎಚ್ಚರವಾಗಿಯೇ ಇರುವ,
ಶಿವಗಂಗಾ